ಸುಮತಿಯ ಬೆನ್ನಿಗೆ ಎಸೆದ ಚಪ್ಪಲಿ

ಕಳೆದ ವರ್ಷ ನವರಾತ್ರಿ ರಜೆ ಮುಗಿದು ಮಕ್ಕಳು ಹಾಸ್ಟೆಲಿಗೆ ವಾಪಸಾಗುತ್ತಿದ್ದ ದಿನಗಳು. ಶಾಲೆಯ ಮೈದಾನದಲ್ಲಿ, ಎಲ್ಲರ ಕಣ್ಣೆದುರೇ, ನನ್ನ ಜೊತೆ ಕೆಲಸ ಮಾಡುವ ಸುಮತಿಯ ಮೇಲೆ ನಾನು ಚಪ್ಪಲಿ ಎಸೆದೆ. ಎಸೆದದ್ದು ಹೌದು, ಅದು ಅವಳಿಗೆ ತಾಗಿದ್ದೂ ಹೌದು. ಈ ಸುದ್ದಿ ಮಿಜಾರಿನಿಂದ ಮೂಡುಬಿದಿರೆ ಪೇಟೆ ತಲುಪುವಷ್ಟರಲ್ಲಿ ಕೈಕಾಲು ಮೂಡಿಸಿಕೊಂಡು, ನಾನು ಅವಳನ್ನು ಅಟ್ಟಿಸಿಕೊಂಡು ಹೋಗಿ ಬಡಿದೆ ಎಂಬಲ್ಲಿಗೆ ಮುಟ್ಟಿತ್ತು. ಹಾಗಾಗಿ ನಡೆದದ್ದನ್ನು ನಾನೇ ಬರೆದುಬಿಡುವುದು ಒಳ್ಳೆಯದು ಎನಿಸಿತು.

ನಾನು ಮಿಜಾರಿನ ಹತ್ತಿರದ ಒಂದು ವಸತಿ ಶಾಲೆಯಲ್ಲಿ ಗಾರ್ಡನ್ ಸೂಪರ್‌ವೈಸರ್. ಹುದ್ದೆಯ ಹೆಸರು ಕೇಳಲು ಚೆಂದ, ಕೆಲಸ ಮಾತ್ರ ವರ್ಷವಿಡೀ ಹುಲ್ಲಿನ ಜೊತೆ ಜಗಳ. ನಮ್ಮದು ಪದವು, ಅಂದರೆ ಮುರಕಲ್ಲೆಂಬ ಕೆಂಪುಕಲ್ಲಿನ ಹಾಸಿನ ಮೇಲೆ ಗೇಣುದ್ದ ಮಣ್ಣು ಇರುವ ಬಯಲು. ಹುಲ್ಲಿಗೆ ಅಷ್ಟು ಮಣ್ಣು ಧಾರಾಳ ಸಾಕು. ಮಳೆ ಹಿಡಿಯಿತೆಂದರೆ ಒಂದು ಬದಿ ಹೊಡೆದು ಮುಗಿಸಿ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಮೊದಲಿನ ಬದಿ ಮತ್ತೆ ಮೊಣಕಾಲೆತ್ತರ ಬೆಳೆದು ನಿಂತಿರುತ್ತದೆ.

ಈ ಹುಲ್ಲು ಹೊಡೆಯುವವರು ನಾವು ಕೆಲವು ಹೆಂಗಸರು. ನಮ್ಮಲ್ಲಿ ಸುಮತಿ ಪುತ್ತಿಗೆಯಿಂದ ಬರುವವಳು. ನನಗಿಂತ ಸಣ್ಣ ಪ್ರಾಯ, ಕಡ್ಡಿಯಂಥ ಮೈ. ನಾನೋ, ಬಸ್ಸಿನಲ್ಲಿ ಇಬ್ಬರ ಸೀಟಿಗೆ ಒಬ್ಬಳೇ ಸಾಕು ಎನ್ನುವ ಜಾತಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ತೊಟ್ಟು, ಹೆಗಲಿಗೆ ಪಟ್ಟಿ ಹಾಕಿ ನೇತಾಡಿಸುವ ಕಟ್ಟಿಂಗ್ ಮೆಷಿನ್ ಹಿಡಿದು ಅವಳು ವರ್ಷಗಟ್ಟಲೆ ದುಡಿದಿದ್ದಾಳೆ. ಈಗ ಅವಳ ಬಲಹೆಗಲು ಎಡದ್ದಕ್ಕಿಂತ ತಗ್ಗಿದೆ. ತಲೆ ಬಾಚಲು ಕೈ ಎತ್ತುವುದಕ್ಕೂ ಕಷ್ಟಪಡುತ್ತಾಳೆ. ಡಾಕ್ಟರು ಭಾರ ಹೊರಬೇಡಿ ಎಂದಿದ್ದಾರೆ. ಹೊರದಿದ್ದರೆ ಕೆಲಸ ಇಲ್ಲ.

ಅದಕ್ಕೇ, ಕುಳಿತು ಓಡಿಸುವ ಝೀರೋ ಟರ್ನ್ ಮೆಷಿನ್ ತೆಗೆದುಕೊಳ್ಳುವ ಎಂದು ಆಡಳಿತದವರು ನಿಶ್ಚಯಿಸಿದಾಗ ನಾನು ಕುಣಿಯುವುದೊಂದು ಬಾಕಿ. ಓಡಿಸುವವಳು ಸುಮತಿಯೇ ಆಗಬೇಕು ಎಂದು ಮೊದಲೇ ಹೇಳಿಟ್ಟೆ. ನಮ್ಮ ಕ್ಯಾಂಪಸ್ ಮ್ಯಾನೇಜರ್ ಸರ್ ಮುಖ ಹುಳಿ ಮಾಡಿದರು.

“ಹೆಂಗಸರಿಗೆ ಆಗ್ತದಾ ಶಶಿಕಲಾ? ದೊಡ್ಡ ಮೆಷಿನ್ ಅದು.”

“ಕುಳಿತುಕೊಳ್ಳುವುದು ಹೆಂಗಸರಿಗೆ ಆಗ್ತದೆ ಸರ್. ಇಷ್ಟು ವರ್ಷ ಹೊತ್ತುಕೊಂಡು ತಿರುಗುವುದು ಆಗಿದೆಯಲ್ಲ” ಎಂದೆ.

ಪಿಕಪ್‌ನಲ್ಲಿ ಮೆಷಿನ್ ಹೇರಿಕೊಂಡು ಡೆಮೋ ಕೊಡಲು ಬಂದವರ ಹೆಸರು ರೋಹಿತ್. ತಲೆಗೆ ಟೋಪಿ, ಕಂಪನಿಯ ಟೀಶರ್ಟು, ಬಾಯಿ ತುಂಬ ಮಾತು. ಈ ಮೆಷಿನಿಗೆ ಸ್ಟಿಯರಿಂಗ್ ಇಲ್ಲ, ಕುಳಿತವರ ಎರಡೂ ಬದಿಗೆ ಒಂದೊಂದು ಲಿವರ್. ಎರಡನ್ನೂ ಮುಂದಕ್ಕೆ ದೂಡಿದರೆ ಮುಂದಕ್ಕೆ ಹೋಗುತ್ತದೆ, ಎಳೆದರೆ ಹಿಂದಕ್ಕೆ ಬರುತ್ತದೆ. ಒಂದನ್ನು ದೂಡಿ ಇನ್ನೊಂದನ್ನು ಎಳೆದರೆ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಕಾಲಡಿಯಲ್ಲಿ ಅಗಲವಾದ ಕಬ್ಬಿಣದ ಮುಚ್ಚಳ, ಅದರ ಕೆಳಗೆ ಬ್ಲೇಡುಗಳು. ಕತ್ತರಿಸಿದ ಹುಲ್ಲು ಬದಿಯಲ್ಲಿರುವ ಬಾಯಿಯಿಂದ ಹೊರಗೆ ಹಾರುತ್ತದೆ.

ಬ್ಲೇಡ್ ತಿರುಗುತ್ತಿರುವಾಗಲೇ ರೋಹಿತ್ ಸೀಟಿನಿಂದ ಎದ್ದು ನಿಂತರು. ಮೆಷಿನ್ ಗಪ್ ಎಂದು ನಿಂತಿತು.

“ನೋಡಿ, ಸೀಟಿನ ಅಡಿಯಲ್ಲಿ ಒಂದು ಸ್ವಿಚ್ ಉಂಟು. ಮೇಲೆ ಜನ ಕೂತಿದ್ದಾರೆ ಅಂತ ಅದಕ್ಕೆ ಗೊತ್ತಾಗ್ಬೇಕು. ಎದ್ದ ಕೂಡ್ಲೆ ಬ್ಲೇಡ್ ಬಂದ್. ಬ್ಲೇಡ್ ಆಫ್ ಮಾಡ್ಲಿಕ್ಕೆ ಮರೆತು ಇಳಿದ್ರೂ ಹೆದರ್ಲಿಕ್ಕೆ ಇಲ್ಲ” ಎಂದರು. ಮ್ಯಾನೇಜರ್ ಸರ್ ತಲೆದೂಗಿದರು. ಪಿ.ಟಿ. ಮಾಸ್ಟ್ರು ಚಪ್ಪಾಳೆಯನ್ನೇ ತಟ್ಟಿದರು. ಸುಮತಿ ಮಾತ್ರ ಕಣ್ಣು ಕೀಲಿಸಿ ನೋಡುತ್ತಿದ್ದಳು. ಅವಳು ಏನನ್ನಾದರೂ ಕಲಿಯುವುದು ಹೀಗೆಯೇ, ಬಾಯಿ ಮುಚ್ಚಿ.

ಮೊದಲು ನಾನು ಹತ್ತಿದೆ. ಮರ್ಯಾದೆ ಹೋದ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಸ್ಕೂಟರಿನ ಅಭ್ಯಾಸದ ಕೈ, ಹೆದರಿದ ಕೂಡಲೇ ಎದುರಿದ್ದದ್ದನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಬಾಗುತ್ತದೆ. ಬಾಗಿದರೆ ಲಿವರ್ ಮುಂದಕ್ಕೆ ಹೋಗುತ್ತದೆ, ಮೆಷಿನ್ ಇನ್ನೂ ಜೋರಾಗಿ ಓಡುತ್ತದೆ. ಹೆದರಿದಷ್ಟೂ ಓಟ. ಪಿ.ಟಿ. ಮಾಸ್ಟ್ರು ಹೈಜಂಪಿನಲ್ಲಿ ಎಷ್ಟು ಎತ್ತರ ಹಾರಬಲ್ಲರು ಎಂದು ಆ ದಿನ ನಮಗೆಲ್ಲ ಗೊತ್ತಾಯಿತು. ಕೊನೆಗೆ ಲಿವರುಗಳನ್ನು ಬಿಟ್ಟೇಬಿಟ್ಟೆ, ಮೆಷಿನ್ ತಾನಾಗಿಯೇ ನಿಂತಿತು. “ಮೇಡಂಗೆ ಸ್ಪೀಡ್ ಇಷ್ಟ” ಎಂದು ರೋಹಿತ್ ಕುಶಾಲು ಮಾಡಿದರು. ನಾನೂ ನಕ್ಕೆ.

ಆಮೇಲೆ ಸುಮತಿ ಕುಳಿತಳು. ಬ್ಲೇಡ್ ಹಾಕಿ ಹೊರಟಳು. ಮುರಕಲ್ಲು ಎದ್ದಿರುವ ಜಾಗದಲ್ಲಿ ಚಕ್ರ ಒಂದಿಷ್ಟು ಕುಲುಕಿದ್ದೇ ತಡ, ಮೆಷಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ಕುಲುಕಿತು, ಮತ್ತೆ ಆಫ್. ಏನಾಗುತ್ತಿದೆ ಎಂದು ರೋಹಿತ್‌ಗೆ ಕೂಡಲೇ ತಿಳಿಯಿತು. ಅವಳ ಭಾರ ಸೀಟಿನ ಸ್ವಿಚ್ಚಿಗೆ ಸಾಲುತ್ತಿರಲಿಲ್ಲ. ಮೈ ಸ್ವಲ್ಪ ಮೇಲೆ ಹಾರಿದರೆ ಸೀಟು ಖಾಲಿ ಇದೆ ಎಂದು ಮೆಷಿನ್ ಭಾವಿಸುತ್ತಿತ್ತು.

“ಅಕ್ಕ, ನೀವು ಕೂತಿದ್ದೀರಿ ಅಂತ ಇದಕ್ಕೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಊಟ ಮಾಡುವುದಿಲ್ವಾ?” ಎಂದರು. ಗಂಡಸರೆಲ್ಲ ನಕ್ಕರು. ಮ್ಯಾನೇಜರ್ ಸರ್ “ನಾನು ಮೊದಲೇ ಹೇಳಿದ್ದಲ್ವಾ” ಎನ್ನುವ ಹಾಗೆ ನನ್ನತ್ತ ನೋಡಿದರು. ಸುಮತಿ ತಲೆ ತಗ್ಗಿಸಿ ಇಳಿದಳು. ಮೈ ಉರಿದುಹೋಯಿತು ನನಗೆ. ಮನುಷ್ಯಳ ತೂಕಕ್ಕೆ ಸರಿಯಾಗಿ ಸೀಟು ಇರಬೇಕೋ, ಸೀಟಿಗೆ ಸರಿಯಾಗಿ ಮನುಷ್ಯಳೋ?

ಅಷ್ಟರಲ್ಲಿ ಚಾ ಬಂತು, ಬನ್ಸ್ ಬಂತು. ಎಲ್ಲರೂ ಜಗಲಿಯ ಕಡೆ ಹೋದೆವು. ರೋಹಿತ್ ಮಾತ್ರ ಮೆಷಿನಿನ ಹತ್ತಿರವೇ ಉಳಿದು ಸೀಟು ಎತ್ತಿ ಏನೋ ಮಾಡುತ್ತಿದ್ದರು. ನಾವು ವಾಪಸು ಬಂದಾಗ ಕೈ ಒರೆಸಿಕೊಳ್ಳುತ್ತಾ ನಗುನಗುತ್ತಾ ಸುಮತಿಗೆ ಹೇಳಿದರು:

“ಬನ್ನಿ ಅಕ್ಕ, ಸರಿ ಮಾಡಿದ್ದೇನೆ. ಇನ್ನು ಆಫ್ ಆಗುವುದಿಲ್ಲ.”

ಈ ‘ಸರಿ ಮಾಡಿದ್ದೇನೆ’ ಎಂಬ ಮಾತನ್ನು ನಾವೆಲ್ಲ ಕೇಳಿದೆವು, ಎಲ್ಲರೂ ನಂಬಿದೆವು. ಕುಲುಕಿದರೆ ಆಫ್ ಆಗುವ ತೊಂದರೆ ಇತ್ತು, ಅದು ಸರಿಯಾಯಿತು ಎಂದುಕೊಂಡೆವು. ಸುಮತಿಯೂ ಹಾಗೆಯೇ ತಿಳಿದದ್ದು. ಕಿವಿಗೆ ಶಬ್ದ ಕೇಳದ ಹಾಗೆ ಮುಚ್ಚುವ ಹೆಡ್‌ಫೋನಿನಂಥದ್ದನ್ನು ರೋಹಿತ್ ಅವರೇ ಅವಳಿಗೆ ತೊಡಿಸಿದರು.

ಅವಳು ಓಡಿಸಿದ ಚೆಂದ ನೋಡಬೇಕಿತ್ತು. ಎಳೆದ ಗೆರೆಯಂತೆ ಹೋಗಿ, ಗೋಲ್‌ಪೋಸ್ಟಿನ ಹತ್ತಿರ ನಿಂತಲ್ಲೇ ತಿರುಗಿ, ಹೊಡೆದ ಸಾಲಿಗೆ ಅಂಟಿಕೊಂಡೇ ವಾಪಸು ಬಂದಳು. ನಾನು ಪಿ.ಟಿ. ಮಾಸ್ಟ್ರನ್ನು ಮೇಲಕ್ಕೆ ಹಾರಿಸಿದ್ದೆನಲ್ಲ, ಇವಳು ಅವರಿಂದ “ಭೇಷ್” ಅನ್ನಿಸಿಕೊಂಡಳು. ಹೆಗಲ ಮೇಲೆ ಪಟ್ಟಿ ಇಲ್ಲದೆ ಅವಳು ಹುಲ್ಲು ಹೊಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೈದಾನದ ಅಂಚಿನಲ್ಲಿ ಒಂದು ಒಣಗಿದ ತೆಂಗಿನ ಮಡಲು, ಅಂದರೆ ಇಡೀ ಗರಿ, ಬಿದ್ದಿತ್ತು. ಅದರ ತುದಿ ಮೆಷಿನಿನ ಮುಚ್ಚಳದಡಿಗೆ ಸಿಕ್ಕಿಕೊಂಡಿತು. ಸುಮತಿ ಲಿವರುಗಳನ್ನು ಹೊರಕ್ಕೆ ಸರಿಸಿದಳು, ಬ್ರೇಕ್ ಎಳೆದಳು, ಸೀಟಿನಿಂದ ಎದ್ದು ಕೆಳಗಿಳಿದಳು. ಎಲ್ಲವೂ ಕಲಿಸಿಕೊಟ್ಟ ಹಾಗೆಯೇ. ಎಂಜಿನ್ ಓಡುತ್ತಲೇ ಇತ್ತು. ಇನ್ನು ಆಫ್ ಆಗುವುದಿಲ್ಲ ಎಂದು ರೋಹಿತ್ ಹೇಳಿದ್ದರಲ್ಲ, ಅವಳಿಗೆ ಸಂಶಯ ಬರಲಿಲ್ಲ. ಎದ್ದ ಕೂಡಲೇ ಬ್ಲೇಡ್ ಮಾತ್ರ ನಿಂತಿದೆ ಎಂದುಕೊಂಡು ಬಗ್ಗಿ ಮಡಲಿನ ಬುಡ ಹಿಡಿದು ಎಳೆಯತೊಡಗಿದಳು. ಅದು ಬಾರದಿದ್ದಾಗ ಇನ್ನೊಂದು ಕೈಯನ್ನು ಮುಚ್ಚಳದ ಅಂಚಿನ ಕೆಳಗೆ ಒಯ್ದಳು.

ಉಳಿದವರು ಆಚೆ ಬದಿಯಲ್ಲಿದ್ದರು. ನಾನು ಮಾತ್ರ ಬದಿಯ ಬಾಯಿ ಕಾಣುವಲ್ಲಿ ನಿಂತಿದ್ದೆ. ಅದರಿಂದ ಹುಲ್ಲಿನ ಪುಡಿ ಇನ್ನೂ ಹಾರುತ್ತಿತ್ತು.

“ಸುಮತೀ, ಉಂತ್! ಕೈ ಪಾಡಡ!” ಎಂದು ತುಳುವಿನಲ್ಲಿ ಬೊಬ್ಬೆ ಹಾಕಿದೆ. ನಿಲ್ಲು, ಕೈ ಹಾಕಬೇಡ ಎಂದು. ಕಿವಿ ಮುಚ್ಚಿದ್ದವಳಿಗೆ ಎಲ್ಲಿ ಕೇಳಬೇಕು? ಓಡಿ ತಲುಪುವಷ್ಟು ಹೊತ್ತಿಲ್ಲ, ನನ್ನ ಓಟವೂ ಅಷ್ಟರಲ್ಲೇ ಉಂಟು. ಕೈಗೆ ಸಿಕ್ಕಿದ್ದನ್ನು ಎಸೆಯೋಣವೆಂದರೆ ಕೈಯಲ್ಲಿ ಏನೂ ಇಲ್ಲ. ಕಾಲಿನಲ್ಲಿ ಇತ್ತು. ಕಿತ್ತು, ಇದ್ದ ಬಲವೆಲ್ಲ ಹಾಕಿ ಎಸೆದೆ.

ಅದು ಅವಳ ಬೆನ್ನಿಗೆ ಪಟ್ಟೆಂದು ಬಿತ್ತು. ಸುಮತಿ ಥಟ್ಟನೆ ಕೈ ಹಿಂದೆಗೆದು ಎದ್ದು ತಿರುಗಿ ನೋಡಿದಳು. ಅದೇ ಕ್ಷಣದಲ್ಲಿ ಬ್ಲೇಡ್ ಮಡಲನ್ನು ಅವಳ ಇನ್ನೊಂದು ಕೈಯಿಂದ ಕಸಿದುಕೊಂಡಿತು. ಆಳುದ್ದದ ಮಡಲು ಚಟಚಟನೆ ಒಳಗೆ ಹೋಗಿ ಚೂರುಚೂರಾಗಿ ಬದಿಯ ಬಾಯಿಯಿಂದ ಹೊರಬಿತ್ತು. ಸುಮತಿಯ ಅಂಗೈ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಆ ಚೂರುಗಳನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು, ಹುಲ್ಲಿನ ಮೇಲೆ ಕುಸಿದು ಕುಳಿತಳು. ನಾನು ಒಂದೇ ಚಪ್ಪಲಿಯಲ್ಲಿ ಓಡಿಹೋಗಿ ಅವಳನ್ನು ತಬ್ಬಿಕೊಂಡೆ.

ಮೊದಲು ಓಡಿಬಂದವರು ರೋಹಿತ್. ನಮ್ಮತ್ತ ನೋಡಲಿಲ್ಲ. ಸೀದಾ ಹೋಗಿ ಬ್ಲೇಡಿನ ಗುಂಡಿ ಒತ್ತಿ ಆಫ್ ಮಾಡಿದರು. ಹಿಂದಿನಿಂದ ಬಂದ ಮ್ಯಾನೇಜರ್ ಸರ್ ಆಡಿದ ಮೊದಲ ಮಾತು ಹೀಗಿತ್ತು: “ಎಂತ ಶಶಿಕಲಾ ಇದು? ಕೆಲಸದವರಿಗೆ ಚಪ್ಪಲಿಯಲ್ಲಿ ಹೊಡೆಯುವುದಾ?”

ಎಂತ ಸಾವು ಮಾರಾಯ್ರೆ! ಅಲ್ಲೊಬ್ಬಳ ಕೈಯಿಂದ ರಕ್ತ ಇಳಿಯುತ್ತಿದೆ, ಇವರಿಗೆ ಕಂಡದ್ದು ಚಪ್ಪಲಿ.

“ಎದ್ದರೆ ಬ್ಲೇಡ್ ನಿಲ್ತದೆ ಅಂತ ಹೇಳಿದ್ರಲ್ಲ, ಯಾಕೆ ನಿಲ್ಲಲಿಲ್ಲ?” ಎಂದು ರೋಹಿತ್‌ರನ್ನು ಕೇಳಿದೆ.

“ಅವರು ಗುಂಡಿ ಒತ್ತಬೇಕಿತ್ತು ಮೇಡಂ. ಒತ್ತಲಿಲ್ಲ.”

ಬೆಳಿಗ್ಗೆ ‘ಮರೆತರೂ ಹೆದರಲಿಕ್ಕೆ ಇಲ್ಲ’ ಎಂದದ್ದು ಇದೇ ಬಾಯಿ. ನಾನೇ ಹೋಗಿ ಸೀಟು ಎತ್ತಿದೆ. ಸ್ವಿಚ್ಚಿಗೆ ಹೋಗುವ ಪ್ಲಗ್ಗನ್ನು ಕಳಚಿ, ಅದರ ಎರಡು ತೂತಿಗೆ ಒಂದು ತುಂಡು ವೈರ್ ಸಿಕ್ಕಿಸಿ, ಮೇಲಿಂದ ಕಪ್ಪು ಟೇಪ್ ಸುತ್ತಿದ್ದರು. ಸೀಟಿನಲ್ಲಿ ಜನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

“ಇದಾ ನೀವು ಸರಿ ಮಾಡಿದ್ದು?”

“ಡೆಮೋಗೆ ಮಾತ್ರ ಮೇಡಂ. ಎಲ್ಲ ಕಡೆ ಹೀಗೇ ಮಾಡ್ತಾರೆ. ಈಗ ಏನೂ ಆಗ್ಲಿಲ್ಲ ಅಲ್ವಾ?” ಎಂದು ಹಲ್ಲು ಕಿರಿದರು. ಈಗಲೇ ತೆಗೆಯಿರಿ ಎಂದೆ. “ಶೋರೂಮಿಗೆ ಹೋದ ಕೂಡ್ಲೆ ತೆಗೀತೇನೆ” ಎಂದು ಮೆಷಿನನ್ನು ಪಿಕಪ್ಪಿಗೆ ಹತ್ತಿಸಿಕೊಂಡು ಹೋದರು. ಸುಮತಿಯ ಹತ್ತಿರ ಒಂದು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನಿಂದ ಕರೆ ಬಂತು. ಮೆಷಿನಿನ ವಿಷಯ ಇರಬಹುದೆಂದು ಹೋದರೆ, ಅಲ್ಲ. ಚಪ್ಪಲಿಯ ವಿಷಯ.

“ನಿಮ್ಮ ಉದ್ದೇಶ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದ್ರೆ ಹೊರಗಿನವರ ಎದುರು ಶಾಲೆಯ ಮರ್ಯಾದೆ ಹೋಯ್ತು. ಸುಮತಿಯ ಹತ್ತಿರ ಎಲ್ಲರ ಎದುರು ಒಮ್ಮೆ ತಪ್ಪಾಯ್ತು ಅಂತ ಹೇಳಿಬಿಡಿ” ಎಂದರು ಮ್ಯಾನೇಜರ್ ಸರ್.

“ಹೇಳ್ತೇನೆ ಸರ್. ಆ ವೈರ್ ಹಾಕಿದವರನ್ನೂ ಕರೆಸಿ, ಅವರೂ ಹೇಳಲಿ.”

“ಅದು ಟೆಕ್ನಿಕಲ್ ವಿಷಯ ಮಾರಾಯ್ರೆ.”

ಕೇಳಿದಿರಲ್ಲ? ಬೆನ್ನಿಗೆ ಬಿದ್ದ ಚಪ್ಪಲಿ ಮರ್ಯಾದೆಯ ವಿಷಯ. ಕೈಯನ್ನೇ ಕಳೆಯಲಿದ್ದ ವೈರ್ ಟೆಕ್ನಿಕಲ್ ವಿಷಯ. ನನ್ನ ಬಾಯಿಗೆ ಏನೆಲ್ಲ ಬಂತು ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಸುಮತಿಯನ್ನು ಕರೆಸಿದರು. ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲ ಹತ್ತಿರ ನಿಂತಳು. ನಾನು ಹೋಗಿ ಅವಳ ಇನ್ನೊಂದು ಕೈ ಹಿಡಿದು, “ತಪ್ಪಾಯ್ತು ಸುಮತಿ, ಬೇರೆ ದಾರಿ ತೋಚಲಿಲ್ಲ” ಎಂದೆ. ಹಾಗೆ ಹೇಳಲು ನನಗೆ ಏನೂ ನಾಚಿಕೆಯಾಗಲಿಲ್ಲ. ಚಪ್ಪಲಿಯೇಟು ಏಟೇ.

“ನಿಮಗೆ ಅವಮಾನ ಆಯ್ತಾ ಸುಮತಿ? ಹೆದರದೆ ಹೇಳಿ” ಎಂದರು ಸರ್.

ಸುಮತಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. “ಬಿದ್ದಾಗ ಬೇಸರ ಆಯ್ತು ಸರ್. ಅಕ್ಕ ಹೀಗೆ ಮಾಡಿದ್ರಲ್ಲ ಅಂತ. ಮಡಲು ಒಳಗೆ ಹೋದದ್ದು ನೋಡಿದ ಮೇಲೆ ಬೇಸರ ಇಲ್ಲ. ಆದ್ರೆ ಅವರು ನನ್ನ ಹತ್ತಿರ ಸರಿ ಮಾಡಿದ್ದೇನೆ ಅಂತ ಹೇಳಿದ್ದು. ಎಂತ ಮಾಡಿದ್ದು ಅಂತ ಹೇಳ್ಬಹುದಿತ್ತಲ್ಲ? ಕೂರುವವಳು ನಾನಲ್ವಾ? ಹೇಳಿದ್ರೆ ನನಗೆ ಅರ್ಥ ಆಗ್ತಿತ್ತು.”

ಸರ್ ಮೊಬೈಲ್ ನೋಡತೊಡಗಿದರು. ಅಷ್ಟಾದರೂ ಅವರಿಗೆ ಆ ಮೆಷಿನಿನ ಮೇಲಿನ ಆಸೆ ಬಿಟ್ಟಿರಲಿಲ್ಲ. ವೈರ್ ತೆಗೆಸಿ, ಸುಮತಿಯ ಬದಲು ತೂಕ ಇರುವ ಯಾರನ್ನಾದರೂ ಕೂರಿಸಿದರೆ ಆಯಿತಲ್ಲ ಎಂದರು. ಅಂದರೆ ಇವಳು ಮತ್ತೆ ಹೆಗಲಿಗೆ ಪಟ್ಟಿ ಹಾಕಬೇಕು! ಆ ಮೆಷಿನ್ ಗೇಟಿನೊಳಗೆ ಬಂದ ದಿನ ನಾನು ಗೇಟಿನ ಹೊರಗೆ ಹೋಗುತ್ತೇನೆ ಎಂದು ಹೇಳಿ ಹೊರಟೆ. ಹಿಂದಿನಿಂದ, ಆಫೀಸಿನಲ್ಲೇ ಇದ್ದ ಪಿ.ಟಿ. ಮಾಸ್ಟ್ರೂ “ಅದು ಬೇಡ ಸರ್” ಎಂದದ್ದು ಕೇಳಿಸಿತು. ನನ್ನ ಮೆಷಿನಿಗೆ ಹಾರಿದ ಮನುಷ್ಯ, ಆ ದಿನ ನನ್ನ ಪಕ್ಷ ವಹಿಸಿದರು.

ಮುಂದಿನ ವಾರ ಬಂಟ್ವಾಳದ ಬಿ.ಸಿ.ರೋಡಿನ ಬೇರೊಂದು ಅಂಗಡಿಗೆ ಹೋದೆವು. ಈ ಸಲ ಮೊದಲು ಸುಮತಿಯನ್ನೇ ಕೂರಿಸಿದೆ. ಅಂಗಡಿಯವರು ಅವಳನ್ನು ನೋಡಿ, ಸೀಟಿನ ಬದಿಯಲ್ಲಿದ್ದ ತಿರುಗಣೆಯನ್ನು ಅವಳ ತೂಕಕ್ಕೆ ಸರಿಯಾಗಿ ತಿರುಗಿಸಿದರು. ಹೊಂಡಗುಂಡಿ ಇರುವಲ್ಲೇ ಓಡಿಸಿ ನೋಡಿದಳು, ಮೆಷಿನ್ ನಿಲ್ಲಲಿಲ್ಲ. ನಾನು ಹೇಳಿದಾಗಲೆಲ್ಲ ಅವಳು ಎದ್ದಳು, ಎದ್ದಾಗಲೆಲ್ಲ ನಿಂತಿತು. “ಸಾಕಲ್ವಾ ಶಶಿಕಲಾ, ಬಿಸಿಲು” ಎಂದು ಸರ್ ಗೊಣಗಿದರೂ ಕೇಳದೆ ಮತ್ತೆ ಮತ್ತೆ ಎಬ್ಬಿಸಿದೆ. ನಮ್ಮ ಆಡಿಟೋರಿಯಮ್ಮಿನ ಹಿಂದಿನ ಇಳಿಜಾರಿನ ಫೋಟೋ ತೋರಿಸಿದಾಗ ಅಂಗಡಿಯವರು ತಲೆಯಾಡಿಸಿದರು. “ಇಲ್ಲಿಗೆ ಇದನ್ನು ಕೊಂಡೋಗ್ಬೇಡಿ, ಮಗುಚ್ತದೆ” ಎಂದರು. ಆಗುವುದಿಲ್ಲ ಎಂಬ ಮಾತು ಬಾಯಿಬಿಟ್ಟು ಹೇಳಿದ ಮೊದಲ ಮಾರಾಟಗಾರ! ಅದನ್ನೇ ತೆಗೆದುಕೊಂಡೆವು. ಮೊದಲಿನದ್ದಕ್ಕಿಂತ ಸ್ವಲ್ಪ ಚಿಕ್ಕದು, ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಇಲ್ಲಿಗೆ ಮುಗಿಯಿತು ಎಂದು ನಾನೂ ಎಣಿಸಿದ್ದೆ. ಚಳಿಗಾಲದಲ್ಲಿ ಅಳದಂಗಡಿಯ ಕಡೆ ನಮ್ಮ ಜೊತೆಯ ಕೆಲಸದವಳೊಬ್ಬಳ ಮಗಳ ಮದುವೆಗೆ ಸುಮತಿಯೂ ನಾನೂ ಹೋದೆವು. ಮದುವೆ ಹಾಲ್‌ನ ಪಕ್ಕದಲ್ಲಿ ದೊಡ್ಡ ಹುಲ್ಲುಹಾಸು. ಅದರ ಮೇಲೆ ಪ್ರಾಯ ಸಂದ ಗಂಡಸೊಬ್ಬರು ಹುಲ್ಲು ಹೊಡೆಯುತ್ತಿದ್ದರು. ಸುಮತಿ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಅಕ್ಕ, ಅದೇ ಮೆಷಿನ್.”

ಅದೇ ಬಣ್ಣ, ಅದೇ ಕಂಪನಿ, ಹಿಂಬದಿಯಲ್ಲಿ ‘ಡೆಮೋ’ ಎಂಬ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು. ನಾನು ಏನಾದರೂ ಹೇಳುವ ಮೊದಲೇ ಸುಮತಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಹುಲ್ಲಿಗೆ ಇಳಿದಳು. ಎದುರು ನಿಂತು ಎರಡೂ ಕೈ ಬೀಸಿ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಿಸಿ, ಅವರನ್ನು ಇಳಿಸಿ, ಸೀಟು ಎತ್ತಿ ತೋರಿಸಿದಳು. ಕಪ್ಪು ಟೇಪ್ ಸುತ್ತಿದ ವೈರ್ ಹಾಗೆಯೇ ಇತ್ತು.

ಅವರ ಹೆಸರು ದೇಜಪ್ಪ. ಅವರಿಗೂ ಅದೇ ಪಾಠ ಆಗಿತ್ತು, ಎದ್ದರೆ ನಿಲ್ಲುತ್ತದೆ ಎಂದು. ವೈರಿನ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಗಲಾಟೆ ಕೇಳಿ ಹಾಲ್‌ನ ಉಸ್ತುವಾರಿ ನೋಡುವವರು ಬಂದರು. ನಾನು ವಿಷಯ ಹೇಳಿದೆ.

“ನಮಗೆ ಗೊತ್ತುಂಟು. ನಾವೇ ತೆಗೆಯಬೇಡಿ ಅಂದದ್ದು. ಇಲ್ಲದಿದ್ರೆ ಆಗಾಗ ಆಫ್ ಆಗ್ತದಂತೆ, ರಗಳೆ” ಎಂದರು.

“ಓಡಿಸುವವರಿಗೆ ಹೇಳ್ಬೇಡ್ವಾ?”

“ಈಗ ಎಂತ ಆಗಿದೆ? ಪೊಕ್ಕಡೆ, ಸುಮ್ಮಸುಮ್ಮನೆ ಹೆದರಿಸ್ಬೇಡಿ” ಎಂದು ಅವರು ಊಟದ ಸಾಲಿನ ಕಡೆ ಹೊರಟರು.

ಸುಮತಿ ದೇಜಪ್ಪಣ್ಣನಿಗೆ ತನ್ನ ಅಂಗೈಯ ಗುರುತು ತೋರಿಸುತ್ತಿದ್ದಳು. ಅವರು ಅದನ್ನು ನೋಡಿದರು, ಮುಚ್ಚಳದ ಬದಿಗೆ ಬಗ್ಗಿ ನೋಡಿದರು. “ಹುಲ್ಲು ಕಟ್ಟಿಕೊಂಡಾಗೆಲ್ಲ ಇಳಿದು ನಾನು ಕೈ ಹಾಕಿಯೇ ತೆಗೆಯುವುದು ಮಗಳೇ. ಬ್ಲೇಡ್ ಆಫ್ ಮಾಡ್ತಿದ್ದೆನಾ, ಇಲ್ವಾ, ನೆನಪೇ ಇಲ್ಲ” ಎಂದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ತಿರುಗಿಸಿ ನೋಡಿಕೊಂಡರು. ಮೆಷಿನಿನ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟು, “ಇದನ್ನು ಅವರಿಗೇ ಕೊಡಿ. ಆ ವೈರ್ ತೆಗೆಸದೆ ನಾನು ಇನ್ನು ಹತ್ತುವುದಿಲ್ಲ” ಎಂದರು.

ಊಟದ ಪಂಕ್ತಿಯ ನಡುವೆಯೇ ಹೋಗಿ ಆ ಉಸ್ತುವಾರಿಯವರ ಬಾಳೆಎಲೆಯ ಪಕ್ಕದಲ್ಲಿ ಕೀಲಿ ಇಟ್ಟು, ದೇಜಪ್ಪಣ್ಣ ಹೇಳಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಬಂದೆ. ನನಗೆ ಊಟ ಸೇರಲಿಲ್ಲ. ಆ ಪ್ರಾಯ ಸಂದ ಮನುಷ್ಯ ತಮ್ಮ ಬೆರಳುಗಳು ಇನ್ನೂ ಇವೆಯೇ ಎಂದು ನೋಡಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಆಗ ಬಂದ ಕೋಪ ಇನ್ನೂ ಇಳಿದಿಲ್ಲ. ಅದು ಇಳಿಯುವುದು ನನಗೆ ಬೇಡ.